ಲಿನಕ್ಸ್ ಕರ್ನಲ್‌ನಲ್ಲಿ ಡ್ರೈವರ್ ಡಿಪೆಂಡೆನ್ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೈವರ್ ಬರೆಯುವುದನ್ನು ಚೆನ್ನಾಗಿ ಕಲಿತವರಿಗೂ ಕೆಕಾನ್ಫಿಗ್ ಫೈಲ್ (ಕರ್ನಲ್‌ನ ಯಾವ ಭಾಗವನ್ನು ಆರಿಸಬಹುದು, ಅದಕ್ಕೆ ಏನೇನು ಬೇಕು ಎಂದು ಬರೆದಿಡುವ ಫೈಲ್) ತೆರೆದಾಗ ಕೈ ತಡೆಯುತ್ತದೆ. ಸಿ ಕೋಡ್ ಸಾವಿರ ಸಾಲು ಇದ್ದರೆ ಕೆಕಾನ್ಫಿಗ್ ಐದೋ ಆರೋ ಸಾಲು. ಆ ಐದು ಸಾಲಿನಲ್ಲಿ ತಪ್ಪಾದರೆ ನಿಮ್ಮ ಮಷಿನ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಎಲ್ಲೋ ಇರುವ ಇನ್ಯಾರದೋ ಬಿಲ್ಡ್ ಮುರಿಯುತ್ತದೆ. ಕರ್ನಲ್ ಕೆಲಸಕ್ಕೆ ಹೊಸದಾಗಿ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಆಪ್ಷನ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಆಪ್ಷನ್‌ಗೆ ಇರಬಹುದಾದ ಬೆಲೆಗಳು (ವ್ಯಾಲ್ಯೂ) ಮೂರು: ವೈ ಅಂದರೆ ಕರ್ನಲ್ ಒಳಗೇ ಸೇರಿದೆ, ಎಂ ಅಂದರೆ ಬೇಕಾದಾಗ ಲೋಡ್ ಮಾಡುವ ಬೇರೆ ಮಾಡ್ಯೂಲ್, ಎನ್ ಅಂದರೆ ಇಲ್ಲ.

ಡಿಪೆಂಡೆನ್ಸಿ ಅಂದರೆ ಯಾವ ಡಿಪೆಂಡೆನ್ಸಿ? ಎಲ್ಲರೂ ಒಂದೇ ಪದ ಬಳಸುತ್ತಾರಲ್ಲ?

ಗೊಂದಲ ಶುರುವಾಗುವುದೇ ಇಲ್ಲಿ. ಒಂದೇ ಪದದ ಹಿಂದೆ ಮೂರು ಬೇರೆ ಸಂಗತಿಗಳಿವೆ.

ಮೊದಲನೆಯದು ಕಾನ್ಫಿಗ್ ಹೊತ್ತಿನದು. ಈ ಡ್ರೈವರ್ ಆನ್ ಆಗಬೇಕಾದರೆ ಆ ಆಪ್ಷನ್ ಆನ್ ಇರಬೇಕು. ಇದನ್ನು ಕೆಕಾನ್ಫಿಗ್ ನೋಡಿಕೊಳ್ಳುತ್ತದೆ. ಎರಡನೆಯದು ಲಿಂಕ್ ಹೊತ್ತಿನದು. ಈ ಮಾಡ್ಯೂಲ್ ಕರೆಯುವ ಫಂಕ್ಷನ್ ಆ ಮಾಡ್ಯೂಲ್‌ನಲ್ಲಿದೆ. ಇದನ್ನು ಡೆಪ್‌ಮಾಡ್ ಹುಡುಕಿ ಒಂದು ಪಟ್ಟಿ ಬರೆದಿಡುತ್ತದೆ, ಮಾಡ್‌ಪ್ರೋಬ್ ಆ ಪಟ್ಟಿ ನೋಡಿ ಲೋಡ್ ಮಾಡುತ್ತದೆ. ಮೂರನೆಯದು ಮಷಿನ್ ಓಡುವಾಗಿನದು. ಕ್ಲಾಕ್ ಬರದೆ ಡಿಸ್‌ಪ್ಲೇ ಬರುವುದಿಲ್ಲ, ರೆಗ್ಯುಲೇಟರ್ ಬರದೆ ಕ್ಯಾಮೆರಾ ಏಳುವುದಿಲ್ಲ, ಆ ಥರ.

ಒಂದನ್ನು ಸರಿಮಾಡಿದರೆ ಉಳಿದವು ತಾನಾಗಿ ಸರಿಹೋಗುವುದಿಲ್ಲ. ಎರರ್ ಬಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದೇ: ಇದು ಮೂರರಲ್ಲಿ ಯಾವುದು?

ಆಪ್ಷನ್ ಆರಿಸುವ ಮೆನು, ಮೆನುಕಾನ್ಫಿಗ್‌ನಲ್ಲಿ ನನ್ನ ಡ್ರೈವರ್ ಕಾಣಿಸುತ್ತಲೇ ಇಲ್ಲ. ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಅದಕ್ಕೆ ಬೇಕಾದದ್ದು ಆಫ್ ಆಗಿದೆ, ಹಾಗಾಗಿ ಮೆನು ಅದನ್ನು ಬಚ್ಚಿಟ್ಟಿದೆ.

ಒಂದು ಉದಾಹರಣೆ ನೋಡೋಣ. ಬಾಷ್‌ನ ಬಿಎಂಪಿ280 ಅನ್ನೋ ಗಾಳಿಯೊತ್ತಡದ ಸೆನ್ಸರ್ ಬೋರ್ಡ್ ಜೊತೆ ಆಡುವ ಬಹಳ ಜನರ ಕೈಯಲ್ಲಿರುತ್ತದೆ. ಮೆನುಕಾನ್ಫಿಗ್ ತೆರೆದು ಓರೆಗೀಟು (/) ಒತ್ತಿ, ಬಿಎಂಪಿ280 ಎಂದು ಟೈಪ್ ಮಾಡಿ. ಉತ್ತರದಲ್ಲಿ 'ಡಿಪೆಂಡ್ಸ್ ಆನ್' ಅನ್ನೋ ಸಾಲು ಹುಡುಕಿ. ಅದು ಹೆಚ್ಚುಕಮ್ಮಿ ಹೀಗಿರುತ್ತದೆ:

ಐಐಒ [=ವೈ] && (ಐ2ಸಿ [=ಎನ್] || ಎಸ್‌ಪಿಐ_ಮಾಸ್ಟರ್ [=ಎನ್])

ಚೌಕ ಕಂಸದಲ್ಲಿರುವುದು ಈಗಿನ ಬೆಲೆ. ಐಐಒ (ಸೆನ್ಸರ್‌ಗಳ ಸಬ್‌ಸಿಸ್ಟಮ್) ಇದೆ, ಆದರೆ ಚಿಪ್ ಜೊತೆ ಮಾತಾಡುವ ಬಸ್‌ಗಳಾದ ಐ2ಸಿಯೂ ಇಲ್ಲ, ಎಸ್‌ಪಿಐಯೂ ಇಲ್ಲ. ಸೆನ್ಸರ್ ಮಾತಾಡಲು ತಂತಿಯೇ ಇಲ್ಲದ ಹಾಗೆ. ಎರಡರಲ್ಲಿ ಒಂದನ್ನು ಆನ್ ಮಾಡಿದರೆ ಡ್ರೈವರ್ ಮೆನುವಿಗೆ ಬರುತ್ತದೆ. ಹುಡುಕಾಟದ ಉತ್ತರದ ಪಕ್ಕ 1, 2 ಎಂದು ಅಂಕಿ ಇದ್ದರೆ ಅದನ್ನು ಒತ್ತಿ, ನೇರ ಆ ಜಾಗಕ್ಕೇ ಹೋಗುತ್ತೀರಿ. ಬಚ್ಚಿಟ್ಟ ಆಪ್ಷನ್‌ಗಳನ್ನೂ ನೋಡಬೇಕಿದ್ದರೆ ಜೆಡ್ ಕೀ ಒತ್ತಿ.

ಕೆಲವು ಆಪ್ಷನ್‌ಗಳು ಮೆನುವಿನಲ್ಲಿ ಯಾವತ್ತೂ ಬರುವುದಿಲ್ಲ. ಅವಕ್ಕೆ ಪ್ರಾಂಪ್ಟ್ (ಮೆನುವಿನಲ್ಲಿ ಕಾಣುವ ಸಾಲು) ಇರುವುದಿಲ್ಲ, ಬೇರೆ ಡ್ರೈವರ್‌ಗಳು ಎಳೆದುಕೊಂಡಾಗ ಮಾತ್ರ ಆನ್ ಆಗುತ್ತವೆ. ಐ2ಸಿ ಚಿಪ್‌ನ ರಿಜಿಸ್ಟರ್‌ಗಳನ್ನು ಓದಿ ಬರೆಯಲು ನೆರವಾಗುವ ರೆಗ್‌ಮ್ಯಾಪ್_ಐ2ಸಿ ಅಂಥದ್ದು. ಅದನ್ನು ಮೆನುವಿನಲ್ಲಿ ಹುಡುಕುತ್ತಾ ಕೂರಬೇಡಿ.

ಆರಿಸಿದ ಬೆಲೆಗಳೆಲ್ಲ ಇರುವ ಡಾಟ್ ಕಾನ್ಫಿಗ್ ಫೈಲ್‌ನಲ್ಲಿ ಕೈಯಾರೆ ವೈ ಎಂದು ಬರೆದೆ. ಬಿಲ್ಡ್ ಮಾಡಿದ ಮೇಲೆ ನೋಡಿದರೆ ಸಾಲೇ ಮಾಯ.

ನೀವು ಬರೆದದ್ದನ್ನು ಕೆಕಾನ್ಫಿಗ್ ಓದಿತು, ಡಿಪೆಂಡೆನ್ಸಿ ಪೂರ್ತಿ ಇಲ್ಲ ಎಂದು ಕಂಡಿತು, ಬಿಟ್ಟುಬಿಟ್ಟಿತು. ಒಂದು ಮಾತೂ ಹೇಳದೆ ಬಿಡುತ್ತದೆ, ಕಷ್ಟ ಇರುವುದು ಅದರಲ್ಲೇ. ಪ್ರಾಂಪ್ಟ್ ಇಲ್ಲದ ಆಪ್ಷನ್‌ಗೆ ನೀವು ಏನು ಬರೆದರೂ ಲೆಕ್ಕಕ್ಕೆ ಬರುವುದಿಲ್ಲ.

ಕೈಯಾರೆ ತಿದ್ದುವ ಬದಲು ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ಕಾನ್ಫಿಗ್ ಅನ್ನೋ ಟೂಲ್ ಬಳಸಿ. ಅದಾದ ಮೇಲೆ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿ, ಅದು ಡಿಪೆಂಡೆನ್ಸಿ ಲೆಕ್ಕ ಹಾಕಿ ಹೊಸ ಆಪ್ಷನ್‌ಗಳಿಗೆ ಡಿಫಾಲ್ಟ್ ಬೆಲೆ ತುಂಬುತ್ತದೆ. ಆಮೇಲೆ ಗ್ರೆಪ್ ಮಾಡಿ ನಿಮ್ಮ ಸಾಲು ಉಳಿದಿದೆಯಾ ಎಂದು ನೋಡಿ. ಈ ಕೊನೆಯ ಹೆಜ್ಜೆಯನ್ನು ಬಿಡಬೇಡಿ. ಕಾನ್ಫಿಗ್ ತುಣುಕುಗಳನ್ನು ಸೇರಿಸುವವರಿಗೆ ಮರ್ಜ್_ಕಾನ್ಫಿಗ್ ಅನ್ನೋ ಶೆಲ್ ಸ್ಕ್ರಿಪ್ಟ್ ಇದೆ. ಕೇಳಿದ ಬೆಲೆ ಕೊನೆಯ ಫೈಲ್‌ನಲ್ಲಿ ಇಲ್ಲದಿದ್ದರೆ ಅದು ಬಾಯಿಬಿಟ್ಟು ಹೇಳುತ್ತದೆ.

ಇನ್ನೊಂದು ಮಾತು. ಫೈಲ್‌ನಲ್ಲಿ '#' ಹಾಕಿ 'ಈಸ್ ನಾಟ್ ಸೆಟ್' ಎಂದು ಮುಗಿಯುವ ಸಾಲುಗಳು ನೋಡಲು ಕಾಮೆಂಟ್ ಥರ ಇವೆ, ಅಲ್ವಾ? ಅವು ಕಾಮೆಂಟ್ ಅಲ್ಲ. 'ಇದು ಬೇಡ ಎಂದು ಬಳಕೆದಾರ ಹೇಳಿಯಾಗಿದೆ' ಅನ್ನೋದೇ ಆ ಸಾಲಿನ ಅರ್ಥ. ಕಸ ಎಂದುಕೊಂಡು ಅಳಿಸಿದರೆ ಅದೆಲ್ಲ ಹೊಸ ಪ್ರಶ್ನೆಯಾಗಿ ಮತ್ತೆ ಬರುತ್ತದೆ.

ಡಿಪೆಂಡ್ಸ್ ಆನ್ ಮತ್ತು ಸೆಲೆಕ್ಟ್: ಯಾವಾಗ ಯಾವುದು?

ನನ್ನನ್ನು ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು.

ಡಿಪೆಂಡ್ಸ್ ಆನ್ ಮೇಲಿನ ಮಿತಿ ಹಾಕುತ್ತದೆ. ಐ2ಸಿ ಎಂ ಆಗಿದ್ದರೆ, ಅದರ ಮೇಲೆ ನಿಂತ ಡ್ರೈವರ್ ಎಂಗಿಂತ ಮೇಲೆ ಹೋಗಲಾರದು. ಸೆಲೆಕ್ಟ್ ಕೆಳಗಿನ ಮಿತಿ ಹಾಕುತ್ತದೆ. ನನ್ನ ಡ್ರೈವರ್ ವೈ ಆಗಿ, ಅದು ಇನ್ನೊಂದನ್ನು ಸೆಲೆಕ್ಟ್ ಮಾಡಿದರೆ, ಆ ಇನ್ನೊಂದು ವೈ ಆಗಲೇಬೇಕು.

ಡಿಪೆಂಡ್ಸ್ ಆನ್ ಬಳಕೆದಾರನನ್ನು ಕೇಳುತ್ತದೆ. ಸೆಲೆಕ್ಟ್ ಯಾರನ್ನೂ ಕೇಳುವುದಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ತಾನು ಎಳೆದುಕೊಂಡ ಆಪ್ಷನ್‌ಗೆ ಏನು ಬೇಕು ಅನ್ನೋದನ್ನೂ ಅದು ನೋಡುವುದಿಲ್ಲ. ಎಳೆದುಕೊಂಡದ್ದು ಮತ್ತೇನನ್ನೋ ಸೆಲೆಕ್ಟ್ ಮಾಡಿದ್ದರೆ ಅದು ಸರಪಳಿಯಂತೆ ಬರುತ್ತದೆ. ಆದರೆ ಅದರ ಡಿಪೆಂಡ್ಸ್ ಆನ್ ಸಾಲುಗಳು ಬರುವುದಿಲ್ಲ.

ಹಾಗಾಗಿ ಕರ್ನಲ್ ದಾಖಲೆಯಲ್ಲೇ ಸಲಹೆ ಇದೆ: ಪ್ರಾಂಪ್ಟ್ ಇಲ್ಲದ, ಸ್ವಂತ ಡಿಪೆಂಡೆನ್ಸಿಯೂ ಇಲ್ಲದ ಆಪ್ಷನ್‌ಗೆ ಮಾತ್ರ ಸೆಲೆಕ್ಟ್ ಬಳಸಿ. ಸಿಆರ್‌ಸಿ32 ಥರದ ಲೈಬ್ರರಿ ಕೋಡ್‌ಗೆ ಇದು ಸರಿಯಾಗಿ ಹೊಂದುತ್ತದೆ. ಐ2ಸಿ, ಪಿಸಿಐ, ಯುಎಸ್‌ಬಿ, ನೆಟ್ ಅಂಥ ಇಡೀ ಸಬ್‌ಸಿಸ್ಟಮ್‌ಗಳನ್ನು ಒಂದು ಪುಟ್ಟ ಡ್ರೈವರ್ ಸೆಲೆಕ್ಟ್ ಮಾಡಬಾರದು. 'ಬಳಕೆದಾರನಿಗೆ ಹುಡುಕುವ ತಾಪತ್ರಯ ಬೇಡ' ಎಂದು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಬರೆಯುತ್ತಾರೆ. ಆದರೆ ಆಮೇಲೆ ಆ ಬಳಕೆದಾರ ತನಗೆ ಬೇಡದ್ದನ್ನು ಆಫ್ ಮಾಡಲು ಹೋದರೆ ಆಗುವುದಿಲ್ಲ, ಯಾಕೆ ಆಗುತ್ತಿಲ್ಲ ಎಂದೂ ತಿಳಿಯುವುದಿಲ್ಲ.

'ಅನ್‌ಮೆಟ್ ಡೈರೆಕ್ಟ್ ಡಿಪೆಂಡೆನ್ಸೀಸ್' ಎಂದು ವಾರ್ನಿಂಗ್ ಬರುತ್ತಿದೆ. ಬಿಲ್ಡ್ ಏನೋ ಆಗುತ್ತಿದೆ. ಬಿಟ್ಟುಬಿಡಲಾ?

ದಯವಿಟ್ಟು ಬಿಡಬೇಡಿ. ಇವತ್ತು ಬಿಲ್ಡ್ ಆಗಿರುವುದು ಅದೃಷ್ಟ ಅಷ್ಟೇ.

ವಾರ್ನಿಂಗ್‌ನಲ್ಲಿ ಮೂರು ಸಂಗತಿ ಇರುತ್ತವೆ. ಯಾವ ಆಪ್ಷನ್‌ಗೆ ತೊಂದರೆ, ಅದಕ್ಕೆ ಏನು ಬೇಕಿತ್ತು, ಅದನ್ನು ಯಾರು ಬಲವಂತವಾಗಿ ಆನ್ ಮಾಡಿದರು. ಆಗಲೇ ಹೇಳಿದ ರೆಗ್‌ಮ್ಯಾಪ್_ಐ2ಸಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಐ2ಸಿ ಬೇಕು. ನಿಮ್ಮ ಡ್ರೈವರ್ ಅದನ್ನು ಸೆಲೆಕ್ಟ್ ಮಾಡಿದೆ, ಆದರೆ ಐ2ಸಿ ಬೇಕು ಎಂದು ತಾನು ಎಲ್ಲೂ ಹೇಳಿಲ್ಲ. ಐ2ಸಿ ಇಲ್ಲದವರು ನಿಮ್ಮ ಡ್ರೈವರ್ ಆನ್ ಮಾಡಿದ ಕೂಡಲೇ ವಾರ್ನಿಂಗ್ ಬರುತ್ತದೆ, ಅದರ ಹಿಂದೆಯೇ ಐ2ಸಿ ಫಂಕ್ಷನ್‌ಗಳು ಸಿಗುತ್ತಿಲ್ಲ ಎಂದು ಎರರ್.

ಪರಿಹಾರ ಒಂದೇ ಸಾಲು: ನಿಮ್ಮ ಡ್ರೈವರ್‌ಗೂ 'ಡಿಪೆಂಡ್ಸ್ ಆನ್ ಐ2ಸಿ' ಸೇರಿಸಿ. ಯಾವುದನ್ನು ಸೆಲೆಕ್ಟ್ ಮಾಡುತ್ತೀರೋ ಅದರ ಡಿಪೆಂಡ್ಸ್ ಆನ್ ಸಾಲುಗಳ ಹೊಣೆಯೂ ನಿಮ್ಮದೇ. ಬಿಲ್ಡ್ ಸರ್ವರ್‌ನಲ್ಲಿ ಕೆಕಾನ್ಫಿಗ್_ವೆರರ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿದರೆ ಇಂಥ ವಾರ್ನಿಂಗ್‌ಗಳೇ ಎರರ್ ಆಗುತ್ತವೆ. ನನ್ನ ಕೈಯಲ್ಲಿರುವ ಎಲ್ಲ ಬಿಲ್ಡ್‌ಗಳಲ್ಲೂ ಅದನ್ನು ಹಾಕಿಟ್ಟಿದ್ದೇನೆ.

ಕೆಲವು ಡ್ರೈವರ್‌ಗಳಲ್ಲಿ 'ಡಿಪೆಂಡ್ಸ್ ಆನ್ ಎಚ್‌ಡಬ್ಲ್ಯೂಮಾನ್ || ಎಚ್‌ಡಬ್ಲ್ಯೂಮಾನ್=ಎನ್' ಎಂದು ಇದೆ. ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅಂದರೆ ಆ ಸಾಲು ಯಾಕೆ ಬೇಕು?

ಮೊದಲ ಸಲ ನೋಡಿದಾಗ ಅರ್ಥವಿಲ್ಲದ ಸಾಲು ಅನ್ನಿಸುತ್ತದೆ. ಆದರೆ ಇಡೀ ಕೆಕಾನ್ಫಿಗ್‌ನಲ್ಲಿ ಇದಕ್ಕಿಂತ ಉಪಯೋಗದ ಸಾಲು ಕಡಿಮೆ.

ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಒಂದು ನೆಟ್‌ವರ್ಕ್ ಡ್ರೈವರ್‌ಗೆ ಚಿಪ್‌ನ ಬಿಸಿ ಎಷ್ಟಿದೆ ಎಂದು ತೋರಿಸುವ ಕೋಡ್ ಸೇರಿಸಿದ್ದೆ. ಅದಕ್ಕೆ ಬಿಸಿ, ವೋಲ್ಟೇಜ್ ಥರದ್ದನ್ನು ತೋರಿಸುವ ಎಚ್‌ಡಬ್ಲ್ಯೂಮಾನ್ ಸಬ್‌ಸಿಸ್ಟಮ್ ಬೇಕು. ಎಚ್‌ಡಬ್ಲ್ಯೂಮಾನ್ ಇಲ್ಲದಿದ್ದರೆ ಆ ಕೋಡ್ ಬಿಟ್ಟುಹೋಗುವ ಹಾಗೆ ಬರೆದಿದ್ದೆ. ನನ್ನ ಮಷಿನ್‌ನಲ್ಲಿ ಎರಡೂ ಮಾಡ್ಯೂಲ್, ಎಲ್ಲ ಸರಿ. ಇಲ್ಲದ ಕಾನ್ಫಿಗ್‌ನಲ್ಲೂ ನೋಡಿದೆ, ಸರಿ. ಕಳಿಸಿದೆ. ಮಾರನೆಯ ದಿನ ಸಹೋದ್ಯೋಗಿಯೊಬ್ಬರ ಬಿಲ್ಡ್ ಲಿಂಕ್ ಹಂತದಲ್ಲಿ ನಿಂತಿತು: ಎಚ್‌ಡಬ್ಲ್ಯೂಮಾನ್ ರಿಜಿಸ್ಟರ್ ಫಂಕ್ಷನ್ ಸಿಗುತ್ತಿಲ್ಲ. ಅವರ ಕಾನ್ಫಿಗ್‌ನಲ್ಲಿ ನನ್ನ ಡ್ರೈವರ್ ವೈ, ಎಚ್‌ಡಬ್ಲ್ಯೂಮಾನ್ ಎಂ.

ಏನಾಯಿತು ಅಂದರೆ, ಕರ್ನಲ್ ಇಮೇಜ್ ಮೊದಲು ಪೂರ್ತಿಯಾಗಿ ಲಿಂಕ್ ಆಗಬೇಕು. ಅದರೊಳಗಿರುವ ಕೋಡ್ ಕರೆಯುವ ಪ್ರತಿ ಫಂಕ್ಷನ್ ಆ ಹೊತ್ತಿಗೆ ಅದರೊಳಗೇ ಸಿಗಬೇಕು. ಮಾಡ್ಯೂಲ್ ಬರುವುದು ಕರ್ನಲ್ ಎದ್ದ ಮೇಲೆ. ಮಾಡ್ಯೂಲ್ ಕರ್ನಲ್ ಒಳಗಿನದನ್ನು ಕರೆಯಬಹುದು, ಕರ್ನಲ್ ಒಳಗಿನ ಕೋಡ್ ಮಾಡ್ಯೂಲ್‌ನಲ್ಲಿರುವುದನ್ನು ನೇರವಾಗಿ ಕರೆಯಲಾಗದು.

ಈಗ ಆ ಸಾಲಿನ ಲೆಕ್ಕ ನೋಡಿ. ಕೆಕಾನ್ಫಿಗ್ ಒಳಗೆ ಎನ್ ಅಂದರೆ 0, ಎಂ ಅಂದರೆ 1, ವೈ ಅಂದರೆ 2. ಎರಡು ನಿಂತಗೀಟು (||) ಇದ್ದರೆ ಎರಡರಲ್ಲಿ ದೊಡ್ಡದು. && ಇದ್ದರೆ ಚಿಕ್ಕದು. ಆಶ್ಚರ್ಯಸೂಚಕ (!) ಇದ್ದರೆ 2ರಿಂದ ಕಳೆಯಬೇಕು. '=ಎನ್' ಅನ್ನೋದು ಹೋಲಿಕೆ, ಹೌದಾದರೆ 2, ಅಲ್ಲವಾದರೆ 0.

ಎಚ್‌ಡಬ್ಲ್ಯೂಮಾನ್ ವೈ ಆದರೆ: 2 ಮತ್ತು 0, ದೊಡ್ಡದು 2. ಡ್ರೈವರ್ ಏನು ಬೇಕಾದರೂ ಆಗಬಹುದು. ಎನ್ ಆದರೆ: 0 ಮತ್ತು 2, ಮತ್ತೆ 2. ಎಂ ಆದರೆ: 1 ಮತ್ತು 0, ದೊಡ್ಡದು 1. ಈಗ ಡ್ರೈವರ್ ಮಾಡ್ಯೂಲ್ ಮಾತ್ರ ಆಗಬಹುದು. ಒಂಬತ್ತು ಜೋಡಿಗಳಲ್ಲಿ ಮುರಿಯುವ ಒಂದೇ ಒಂದು ಜೋಡಿಯನ್ನು ಆ ಸಾಲು ಹೊರಗಿಟ್ಟಿತು. '=ಎನ್' ಬದಲು ಆಶ್ಚರ್ಯಸೂಚಕ ಹಾಕಿದರೂ ಉತ್ತರ ಅದೇ, ಯಾಕಂದರೆ 2ರಲ್ಲಿ 1 ಕಳೆದರೂ 1 ತಾನೇ. ಕರ್ನಲ್‌ನ ಎಸ್‌ಎಫ್‌ಪಿ ಡ್ರೈವರ್‌ನ ಕೆಕಾನ್ಫಿಗ್ ತೆರೆದು ನೋಡಿ, ಈ ಸಾಲು ಹಾಗೇ ಕೂತಿದೆ.

ಇಷ್ಟೆಲ್ಲ ಯಾಕೆ? ಈಸ್_ರೀಚಬಲ್ ಹಾಕಿದರೆ ಲಿಂಕ್ ಎರರ್ ಹೋಗುತ್ತದಲ್ಲ?

ಹೋಗುತ್ತದೆ. ಈಸ್_ಎನೇಬಲ್ಡ್ ಅನ್ನೋ ಮ್ಯಾಕ್ರೋ ಆಪ್ಷನ್ ವೈ ಅಥವಾ ಎಂ ಆಗಿದ್ದರೆ ಹೌದು ಅನ್ನುತ್ತದೆ. 2015ರಲ್ಲಿ 4.1 ಕರ್ನಲ್ ಜೊತೆ ಬಂದ ಈಸ್_ರೀಚಬಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ನಾನು ಇರುವ ಜಾಗದಿಂದ ಅದನ್ನು ಕರೆಯಲು ಆಗುತ್ತದಾ' ಎಂದು ನೋಡುತ್ತದೆ.

ಆದರೆ ಎರರ್ ಹೋಗುವ ಜೊತೆಗೆ ಸೌಲಭ್ಯವೂ ಸದ್ದಿಲ್ಲದೆ ಹೋಗುತ್ತದೆ. ಬಳಕೆದಾರ ಎರಡನ್ನೂ ಆನ್ ಮಾಡಿದ್ದಾನೆ, ಬಿಲ್ಡ್ ಆಯಿತು, ಬಿಸಿ ಮಾತ್ರ ತೋರಿಸುತ್ತಿಲ್ಲ. ಅವನು ಎಲ್ಲಿ ಹುಡುಕಬೇಕು? ನನ್ನ ಪ್ರಕಾರ ಮೊದಲು ಕೆಕಾನ್ಫಿಗ್‌ನಲ್ಲಿ ಸರಿಯಾಗಿ ಹೇಳಲು ನೋಡಿ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಇದು.

ಇಂಪ್ಲೈ ಯಾವುದಕ್ಕೆ?

ಸೆಲೆಕ್ಟ್‌ನ ಮೃದು ರೂಪ. 'ಇದು ಇದ್ದರೆ ಒಳ್ಳೆಯದು' ಎಂದು ಸೂಚಿಸುತ್ತದೆ. ಬಳಕೆದಾರ ಬೇಡ ಅಂದರೆ ಎನ್ ಮಾಡಬಹುದು. ಡಿಪೆಂಡೆನ್ಸಿ ಪೂರ್ತಿ ಇಲ್ಲದಿದ್ದರೆ ಆನ್ ಆಗುವುದೂ ಇಲ್ಲ. 2017ರ 4.10 ಕರ್ನಲ್‌ನಲ್ಲಿ ಬಂತು. ಇಂಪ್ಲೈ ಮಾಡಿದ್ದು ಇದ್ದೇ ಇರುತ್ತದೆ ಎಂದು ನಂಬಿ ಕೋಡ್ ಬರೆಯಬೇಡಿ.

'ರಿಕರ್ಸಿವ್ ಡಿಪೆಂಡೆನ್ಸಿ ಡಿಟೆಕ್ಟೆಡ್' ಬಂತು. ನಾನು ಸುತ್ತು ಎಲ್ಲೂ ಹಾಕಿಲ್ಲವಲ್ಲ?

ನೀವೊಬ್ಬರೇ ಹಾಕಿರುವುದಿಲ್ಲ. ನಿಮ್ಮ ಹೊಸ ಸಾಲು ಬೇರೆಯವರು ಎಂದೋ ಬರೆದ ಸಾಲುಗಳ ಜೊತೆ ಸೇರಿ ಸುತ್ತು ಪೂರ್ತಿಯಾಗಿದೆ. ಬಹಳ ಸಲ ಕಾರಣ ಒಂದೇ. ಅರ್ಧ ಜನ ಒಂದು ಆಪ್ಷನ್‌ಗೆ ಡಿಪೆಂಡ್ಸ್ ಆನ್ ಬಳಸಿದ್ದಾರೆ, ಉಳಿದರ್ಧ ಅದನ್ನೇ ಸೆಲೆಕ್ಟ್ ಮಾಡಿದ್ದಾರೆ. ಎರರ್ ಕೆಳಗೆ ಇಡೀ ಸರಪಳಿ ಅಚ್ಚಾಗಿರುತ್ತದೆ. ಕಾಗದದ ಮೇಲೆ ಬಾಣ ಹಾಕಿ ಬರೆದುಕೊಳ್ಳಿ, ಬೇಗ ಕಾಣುತ್ತದೆ. ನಿಮ್ಮ ಅಕ್ಕಪಕ್ಕದ ಡ್ರೈವರ್‌ಗಳು ಆ ಆಪ್ಷನ್‌ಗೆ ಯಾವ ರೀತಿ ಬರೆದಿವೆಯೋ ನೀವೂ ಹಾಗೇ ಬರೆಯಿರಿ.

ನನ್ನ ಡ್ರೈವರ್ ಒಂದೇ ಚಿಪ್‌ಗೆ ಬೇಕಾದದ್ದು. ಅದಕ್ಕೆ ಮಾತ್ರ ಡಿಪೆಂಡ್ಸ್ ಆನ್ ಹಾಕಿದರೆ ಸಾಕಾ?

'ಡಿಪೆಂಡ್ಸ್ ಆನ್ ಆ ಚಿಪ್ || ಕಂಪೈಲ್_ಟೆಸ್ಟ್' ಎಂದು ಬರೆಯಿರಿ. ಬಿಲ್ಡ್ ಆಗಲು ಬೇಕಾದದ್ದು ಬೇರೆ, ಕೆಲಸಕ್ಕೆ ಬರಲು ಬೇಕಾದದ್ದು ಬೇರೆ. ಆ ಚಿಪ್ ಇಲ್ಲದವನಿಗೆ ನಿಮ್ಮ ಡ್ರೈವರ್ ಉಪಯೋಗವಿಲ್ಲ, ನಿಜ. ಆದರೆ ಸಬ್‌ಸಿಸ್ಟಮ್‌ನ ಒಂದು ಫಂಕ್ಷನ್ ಬದಲಾಯಿಸುವವರು ತಮ್ಮ ಲ್ಯಾಪ್‌ಟಾಪ್‌ನಲ್ಲೇ ಎಲ್ಲ ಡ್ರೈವರ್ ಬಿಲ್ಡ್ ಮಾಡಿ ನೋಡುವ ಹಾಗಿರಬೇಕು. ಅದಕ್ಕೇ 2013ರಲ್ಲಿ, 3.11 ಕರ್ನಲ್‌ನಲ್ಲಿ, ಕಂಪೈಲ್_ಟೆಸ್ಟ್ ಆಪ್ಷನ್ ಬಂತು.

ಆ ಚಿಪ್‌ನ ಹೆಡರ್ ಇಲ್ಲದೆ ಕಂಪೈಲ್ ಆಗದಿದ್ದರೆ ಇದನ್ನು ಹಾಕಬೇಡಿ.

ಹೊಸ ಡ್ರೈವರ್‌ಗೆ ಡಿಫಾಲ್ಟ್ ವೈ ಕೊಡಬಹುದಾ?

ಬೇಡ. ನಿಮ್ಮ ಹಾರ್ಡ್‌ವೇರ್ ಜಗತ್ತಿನ ಬಹುತೇಕರ ಹತ್ತಿರ ಇಲ್ಲ. ಡಿಫಾಲ್ಟ್ ಬರೆಯದಿದ್ದರೆ ಅದು ಎನ್, ಹಾಗೇ ಇರಲಿ.

ಮಾಡ್ಯೂಲ್ ಲೋಡ್ ಆಗಿದೆ, ಕಾನ್ಫಿಗ್ ಎಲ್ಲ ಸರಿ ಇದೆ. ಆದರೂ ಕೆಲಸ ಮಾಡುತ್ತಿಲ್ಲ.

ಈಗ ಮೊದಲ ಪ್ರಶ್ನೆಯ ಮೂರನೇ ಜಾತಿಗೆ ಬಂದೆವು.

ಬಹಳ ಮದರ್‌ಬೋರ್ಡ್‌ಗಳಲ್ಲಿರುವ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್‌ನ ಡ್ರೈವರ್ ಆರ್8169 ಇದಕ್ಕೆ ಒಳ್ಳೆಯ ಪಾಠ. ಅದರ ಕೆಕಾನ್ಫಿಗ್ ರಿಯಲ್‌ಟೆಕ್_ಪಿಎಚ್‌ವೈಯನ್ನು (ಕೇಬಲ್ ಸಿಗ್ನಲ್ ನೋಡಿಕೊಳ್ಳುವ ಭಾಗದ ಡ್ರೈವರ್, ಮಾಡ್ಯೂಲ್ ಹೆಸರು ರಿಯಲ್‌ಟೆಕ್) ಸೆಲೆಕ್ಟ್ ಮಾಡುತ್ತದೆ, ಹಾಗಾಗಿ ಆ ಮಾಡ್ಯೂಲ್ ಬಿಲ್ಡ್ ಆಗಿರುತ್ತದೆ. ಆದರೆ ಆರ್8169 ಕೋಡ್ ರಿಯಲ್‌ಟೆಕ್ ಮಾಡ್ಯೂಲ್‌ನ ಯಾವ ಫಂಕ್ಷನ್ನನ್ನೂ ನೇರವಾಗಿ ಕರೆಯುವುದಿಲ್ಲ. ಹಾಗಾಗಿ ಡೆಪ್‌ಮಾಡ್‌ಗೆ ಇವೆರಡರ ನಂಟು ಗೊತ್ತೇ ಆಗುವುದಿಲ್ಲ. ಬೂಟ್ ಹೊತ್ತಿನ ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಸಿಗುವ ಮುಂಚೆ ಮೆಮೊರಿಯಲ್ಲಿ ಇರುವ ಪುಟ್ಟ ಫೈಲ್‌ಸಿಸ್ಟಮ್) ಒಳಗೆ ಆರ್8169 ಮಾತ್ರ ಸೇರಿ ರಿಯಲ್‌ಟೆಕ್ ಹೊರಗುಳಿದರೆ ನೆಟ್‌ವರ್ಕ್ ಬರುವುದಿಲ್ಲ. ಡ್ರೈವರ್ ಇದನ್ನು ಬಲ್ಲದು. ರಿಯಲ್‌ಟೆಕ್ ಮಾಡ್ಯೂಲ್ ಅನ್ನು ಇನಿಟ್‌ರಾಮ್‌ಎಫ್‌ಎಸ್‌ಗೆ ಸೇರಿಸಬೇಕೇನೋ ಎಂದು ಲಾಗ್‌ನಲ್ಲೇ ಕೇಳುತ್ತದೆ. ಕೋಡ್‌ನಲ್ಲಿ 'ಮೊದಲು ಆ ಮಾಡ್ಯೂಲ್ ಲೋಡ್ ಮಾಡಿ' ಅನ್ನೋ ಸಾಫ್ಟ್‌ಡೆಪ್ ಎಂಬ ಸೂಚನೆಯೂ ಇದೆ. ಮಾಡ್‌ಇನ್ಫೋ ಓಡಿಸಿದರೆ 'ಡಿಪೆಂಡ್ಸ್' ಸಾಲಿನ ಜೊತೆ 'ಸಾಫ್ಟ್‌ಡೆಪ್' ಸಾಲನ್ನೂ ನೋಡಿ.

ಎಂಬೆಡೆಡ್ ಬೋರ್ಡ್‌ನಲ್ಲಾದರೆ ಡೀಬಗ್‌ಎಫ್‌ಎಸ್ (ಕರ್ನಲ್ ಒಳಗಿನ ಮಾಹಿತಿ ತೋರಿಸುವ ಫೈಲ್‌ಸಿಸ್ಟಮ್) ಮೌಂಟ್ ಮಾಡಿ ಡಿವೈಸಸ್_ಡಿಫರ್ಡ್ ಫೈಲ್ ಓದಿ. ಒಂದು ಡ್ರೈವರ್‌ಗೆ ಬೇಕಾದ ಕ್ಲಾಕೋ ಜಿಪಿಐಒವೋ ಇನ್ನೂ ಬಂದಿಲ್ಲದಿದ್ದರೆ ಅದು 'ಆಮೇಲೆ ಕರೆಯಿರಿ' ಎಂದು ಹಿಂದೆ ಸರಿಯುತ್ತದೆ. ಈ ಏರ್ಪಾಡು 2012ರ 3.4 ಕರ್ನಲ್‌ನಿಂದ ಇದೆ. ಕಾಯುತ್ತಲೇ ಉಳಿದವರ ಪಟ್ಟಿ ಆ ಫೈಲ್. ಬಹಳ ಸಲ ಕಾಯುತ್ತಿರುವುದು ಯಾರೂ ಕಾನ್ಫಿಗ್‌ನಲ್ಲಿ ಆನ್ ಮಾಡದ ಒಂದು ಡ್ರೈವರ್‌ಗೆ. ಇದನ್ನು ಕೆಕಾನ್ಫಿಗ್ ತಡೆಯಲಾರದು, ಯಾಕಂದರೆ ಯಾವ ಬೋರ್ಡ್‌ನಲ್ಲಿ ಯಾವ ಕ್ಲಾಕ್ ಯಾವುದಕ್ಕೆ ಹೋಗುತ್ತದೆ ಅನ್ನೋದು ಅದಕ್ಕೆ ತಿಳಿಯುವುದಿಲ್ಲ. ಅದು ಬೋರ್ಡ್‌ನ ಹಾರ್ಡ್‌ವೇರ್ ವಿವರ ಬರೆದಿಡುವ ಡಿವೈಸ್ ಟ್ರೀಯಲ್ಲಿದೆ.

ಬೂಟ್ ಮಾಡಿದರೆ ರೂಟ್ ಫೈಲ್‌ಸಿಸ್ಟಮ್ ಮೌಂಟ್ ಆಗುತ್ತಿಲ್ಲ ಎಂದು ಪ್ಯಾನಿಕ್.

ಡಿಸ್ಕ್ ಡ್ರೈವರ್ ಅಥವಾ ಫೈಲ್‌ಸಿಸ್ಟಮ್ ಎಂ ಆಗಿದೆ, ಇನಿಟ್‌ರಾಮ್‌ಎಫ್‌ಎಸ್ ಇಲ್ಲ. ಮಾಡ್ಯೂಲ್ ಇರುವುದು ಡಿಸ್ಕ್‌ನಲ್ಲಿ, ಡಿಸ್ಕ್ ಓದಲು ಬೇಕಿರುವುದು ಅದೇ ಮಾಡ್ಯೂಲ್. ಎರಡನ್ನೂ ವೈ ಮಾಡಿ, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿ.

ಕರ್ನಲ್ ಬಿಲ್ಡ್ ತುಂಬ ಹೊತ್ತು ಹಿಡಿಯುತ್ತದೆ. ಬೇಡದ ಡ್ರೈವರ್ ತೆಗೆಯುವುದು ಹೇಗೆ?

ಮೇಕ್ ಲೋಕಲ್‌ಮಾಡ್‌ಕಾನ್ಫಿಗ್. ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ನೋಡಿ, ಅವಕ್ಕೆ ಬೇಕಾದದ್ದನ್ನೂ ಲೆಕ್ಕ ಹಾಕಿ, ಉಳಿದ ಮಾಡ್ಯೂಲ್‌ಗಳನ್ನು ತೆಗೆಯುತ್ತದೆ. ಓಡಿಸುವ ಮುಂಚೆ ನೀವು ಬಳಸುವುದನ್ನೆಲ್ಲ ಒಮ್ಮೆ ಸಿಕ್ಕಿಸಿ: ಪೆನ್‌ಡ್ರೈವ್, ಹೆಡ್‌ಸೆಟ್, ವೆಬ್‌ಕ್ಯಾಮ್, ಫೋನ್. ಆ ಹೊತ್ತಿಗೆ ಲೋಡ್ ಆಗಿರದ ಮಾಡ್ಯೂಲ್ ಹೊಸ ಕರ್ನಲ್‌ನಲ್ಲಿ ಇರುವುದಿಲ್ಲ.

ಹಳೆಯ ಕಾನ್ಫಿಗ್ ಹಿಡಿದು ಹೊಸ ಕರ್ನಲ್‌ಗೆ ಹೋಗಬಹುದಾ?

ಹೋಗಬಹುದು. ಈಗ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಸಾಮಾನ್ಯವಾಗಿ ಬೂಟ್ ಡೈರೆಕ್ಟರಿಯಲ್ಲಿರುತ್ತದೆ. ಮೊದಲು ಮೇಕ್ ಲಿಸ್ಟ್‌ನ್ಯೂಕಾನ್ಫಿಗ್ ಓಡಿಸಿ, ಹೊಸ ಆಪ್ಷನ್‌ಗಳ ಪಟ್ಟಿ ಸಿಗುತ್ತದೆ. ಕಣ್ಣಾಡಿಸಿ, ಆಮೇಲೆ ಓಲ್ಡ್‌ಡೆಫ್‌ಕಾನ್ಫಿಗ್. ಹೆಸರು ಬದಲಾದ ಆಪ್ಷನ್‌ಗಳು ಮಾತ್ರ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಕೆಕಾನ್ಫಿಗ್_ವಾರ್ನ್_ಅನ್‌ನೋನ್_ಸಿಂಬಲ್ಸ್ ಹಾಕಿದರೆ ಅವೂ ಕಾಣುತ್ತವೆ.

ನಿಮ್ಮ ಬೋರ್ಡ್‌ನ ಕಾನ್ಫಿಗ್ ಅನ್ನು ರೆಪೊಸಿಟರಿಯಲ್ಲಿ ಇಡುವುದಾದರೆ ಸೇವ್‌ಡೆಫ್‌ಕಾನ್ಫಿಗ್ ಮಾಡಿ ಇಡಿ. ಡಿಫಾಲ್ಟ್‌ಗಿಂತ ಬೇರೆಯಾದ ಸಾಲುಗಳು ಮಾತ್ರ ಉಳಿಯುತ್ತವೆ. ಸಾವಿರಾರು ಸಾಲಿನ ಫೈಲ್ ಕೆಲವು ನೂರಕ್ಕೆ ಇಳಿಯುತ್ತದೆ, ಏನು ಬದಲಾಯಿತು ಎಂದು ಓದಿ ತಿಳಿಯಬಹುದು.

ಈ ಕೆಕಾನ್ಫಿಗ್ ಬರೀ ಲಿನಕ್ಸ್‌ನದ್ದಾ?

ಹುಟ್ಟಿದ್ದು ಅಲ್ಲಿ. ರೋಮನ್ ಜಿಪ್ಪೆಲ್ ಬರೆದದ್ದು, 2002ರ ಅಕ್ಟೋಬರ್‌ನಲ್ಲಿ 2.5.45ರಲ್ಲಿ ಸೇರಿತು. ಈಗ ಯು-ಬೂಟ್, ಬಿಲ್ಡ್‌ರೂಟ್, ಬಿಸಿಬಾಕ್ಸ್, ಕೋರ್‌ಬೂಟ್, ಜೆಫಿರ್ ಇವೆಲ್ಲ ಇದೇ ಭಾಷೆ ಬಳಸುತ್ತವೆ. ಒಮ್ಮೆ ಕಲಿತರೆ ಎಲ್ಲ ಕಡೆಯೂ ಬರುತ್ತದೆ.

ಪ್ಯಾಚ್ ಕಳಿಸುವ ಮುಂಚೆ ಏನೇನು ಬಿಲ್ಡ್ ಮಾಡಿ ನೋಡಬೇಕು?

ಕರ್ನಲ್‌ನಲ್ಲಿ 15,000ಕ್ಕೂ ಜಾಸ್ತಿ ಆಪ್ಷನ್‌ಗಳಿವೆ. ಎಲ್ಲ ಜೋಡಣೆಯನ್ನೂ ಯಾರೂ ನೋಡಲಾರರು. ಆದರೆ ನಿಮ್ಮ ಡ್ರೈವರ್ ಮುಟ್ಟುವ ಆಪ್ಷನ್‌ಗಳು ಮೂರೋ ನಾಲ್ಕೋ ಇರುತ್ತವೆ. ಅವುಗಳನ್ನು ನೋಡಬಹುದು.

ಆಲ್‌ಮಾಡ್‌ಕಾನ್ಫಿಗ್, ಆಲ್‌ಯೆಸ್‌ಕಾನ್ಫಿಗ್ ಎರಡನ್ನೂ ಎಲ್ಲರೂ ಮಾಡುತ್ತಾರೆ. ಆದರೆ ಎಲ್ಲವೂ ಎಂ ಆದಾಗ, ಎಲ್ಲವೂ ವೈ ಆದಾಗ ನಾನು ಮಾಡಿದಂಥ ತಪ್ಪು ಹೊರಬರುವುದೇ ಇಲ್ಲ. ಹಾಗಾಗಿ ಇದನ್ನು ಮಾಡಿ: ಡ್ರೈವರ್ ಅನ್ನು ವೈಗೆ ಇಟ್ಟು, ಅದು ಬಳಸುವ ಒಂದೊಂದೇ ಆಪ್ಷನ್ ಅನ್ನು ಎಂ ಮಾಡಿ, ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿ. ಒಂದೋ ಡ್ರೈವರ್ ತಾನೇ ಎಂಗೆ ಇಳಿಯಬೇಕು, ಇಲ್ಲವೇ ಲಿಂಕ್ ಪೂರ್ತಿಯಾಗಬೇಕು. ಆಮೇಲೆ ಅದೇ ಆಪ್ಷನ್ ಅನ್ನು ಎನ್ ಮಾಡಿ ಮತ್ತೆ ನೋಡಿ. ರಾತ್ರಿ ಮನೆಗೆ ಹೋಗುವ ಮುಂಚೆ, ಆಪ್ಷನ್‌ಗಳಿಗೆ ಮನಬಂದಂತೆ ಬೆಲೆ ಹಾಕುವ ರ‍್ಯಾಂಡ್‌ಕಾನ್ಫಿಗ್ ಅನ್ನು ಲೂಪ್‌ನಲ್ಲಿ ಬಿಟ್ಟು ಹೋಗಿ. ಮುರಿದ ಪ್ರತಿ ಕಾನ್ಫಿಗ್ ಫೈಲ್ ಅನ್ನು ಬೇರೆ ಹೆಸರಿನಲ್ಲಿ ಎತ್ತಿಡುವ ಹಾಗೆ ಸ್ಕ್ರಿಪ್ಟ್ ಬರೆಯಿರಿ, ಇಲ್ಲದಿದ್ದರೆ ಮುಂದಿನ ಸುತ್ತು ಅದನ್ನು ಅಳಿಸಿಹಾಕುತ್ತದೆ. ಇಂಟೆಲ್ ನಡೆಸುವ ಕರ್ನಲ್ ಟೆಸ್ಟ್ ರೋಬೋಟ್ ಕೂಡ ಪ್ಯಾಚ್‌ಗಳನ್ನು ಹೀಗೇ ಬೇರೆ ಬೇರೆ ಕಾನ್ಫಿಗ್‌ಗಳಲ್ಲಿ ಬಿಲ್ಡ್ ಮಾಡಿ, ಮುರಿದರೆ ಆ ಕಾನ್ಫಿಗ್ ಸಮೇತ ಮೇಲ್ ಕಳಿಸುತ್ತದೆ. ಅಂಥ ಮೇಲ್ ಬಂದರೆ ಅದರ ಕಾನ್ಫಿಗ್ ಇಳಿಸಿಕೊಂಡು ಮೊದಲು ನಿಮ್ಮ ಮಷಿನ್‌ನಲ್ಲಿ ಅದೇ ಎರರ್ ಬರಿಸಿ, ಆಮೇಲೆ ಕೆಕಾನ್ಫಿಗ್‌ಗೆ ಕೈ ಹಾಕಿ.